6174ಕ್ಕೆ ಕುಂಕುಮ ಹಚ್ಚಬೇಡಿ ಮಾರಾಯ್ರೇ

ಈಗಷ್ಟೇ ಇನ್ನೊಂದು ರೀಲ್ ನೋಡಿದೆ. ಹಿಂದೆ ಕೊಳಲು, ಗರಗರ ತಿರುಗೋ ನಕ್ಷತ್ರ, "ಬ್ರಹ್ಮಾಂಡದ ರಹಸ್ಯ ಸಂಖ್ಯೆ 6174! ಯಾವುದೇ ನಾಲ್ಕಂಕಿ ಸಂಖ್ಯೆ ತಗೊಳ್ಳಿ, ಅಂಕಿಗಳನ್ನ ಜೋಡಿಸಿ ಕಳೀತಾ ಹೋಗಿ, ಕೊನೆಗೆ 6174ಕ್ಕೇ ಬಂದು ನಿಲ್ತೀರಿ..." ಯಾವುದೇ? 1111 ತಗೊಂಡೆ. ಮೊದಲ ಸಲ ಕಳೆದಾಗಲೇ ಸೊನ್ನೆ. ಬ್ರಹ್ಮಾಂಡ ಅಲ್ಲೇ ಮುಗೀತು.

ನಿಯಮ ಇಷ್ಟು: ನಾಲ್ಕೂ ಅಂಕಿ ಒಂದೇ ಆಗಿರಬಾರದು. ಇಳಿಕೆ ಕ್ರಮದಲ್ಲಿ ಬರೆದು, ಏರಿಕೆ ಕ್ರಮದ್ದನ್ನು ಕಳೀರಿ. ಬಂದದ್ದಕ್ಕೆ ಮತ್ತೆ ಅದನ್ನೇ ಮಾಡಿ. ಏಕೀಕರಣದ ವರ್ಷ 1956 ಹಿಡೀರಿ: 9651−1569=8082, 8820−0288=8532, 8532−2358=6174. ಮೂರೇ ಹೆಜ್ಜೆ. 2005ಕ್ಕೆ ಏಳು ಬೇಕು. ಏಳು ದಾಟೋ ಸಂಖ್ಯೆ ಒಂದೂ ಇಲ್ಲ.

ಮೇಲಿನ 0288 ನೋಡಿದ್ರಲ್ಲ? ಆ ಮುಂದಿನ ಸೊನ್ನೆಯನ್ನ ಈ ಮಹಾನುಭಾವರು ಹೇಳೋದೇ ಇಲ್ಲ. 1000 ತಗೊಂಡ್ರೆ 1000−0001=0999. ಇದನ್ನ ಬರೀ 999 ಅಂತ ಬರೆದುಕೊಂಡ ಮಗುವಿಗೆ ಮುಂದಿನ ಹೆಜ್ಜೆ 999−999, ಮತ್ತೆ ಸೊನ್ನೆ. ಸೊನ್ನೆ ಉಳಿಸಿಕೊಂಡ್ರೆ 9990−0999=8991, ಆಮೇಲೆ 8082, 8532, 6174. "ಅಯ್ಯೋ, ಮಕ್ಕಳಿಗೆ ಆಸಕ್ತಿ ಹುಟ್ಟಿದ್ರೆ ಸಾಲದೇ ಸಾರ್?" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಸಾಲದು. 1000 ಹಾಕಿ ಸೊನ್ನೆ ಪಡೆದ ಹುಡುಗಿ ಪುಸ್ತಕ ಮುಚ್ಚಿ ಎದ್ದು ಹೋಗ್ತಾಳೆ.

ಹೊಟ್ಟೆ ಉರಿಯೋದು "ಯಾಕೆ ಹೀಗೆ ಅಂತ ಯಾರಿಗೂ ಗೊತ್ತಿಲ್ಲ" ಅನ್ನೋ ಮಾತಿಗೆ. ಹೈಸ್ಕೂಲ್ ಬೀಜಗಣಿತ ಸಾಕು ಸ್ವಾಮಿ! ಅಂಕಿಗಳು ದೊಡ್ಡದರಿಂದ ಸಣ್ಣದಕ್ಕೆ ಅ, ಆ, ಇ, ಈ ಅಂತಿರಲಿ. ಕಳೆದಾಗ ಉಳಿಯೋದು 999(ಅ−ಈ)+90(ಆ−ಇ). ಅಂದ್ರೆ ಎರಡು ವ್ಯತ್ಯಾಸ ಬಿಟ್ಟರೆ ಬೇರೇನೂ ಲೆಕ್ಕಕ್ಕಿಲ್ಲ. ಮೊದಲನೆಯದು 1ರಿಂದ 9, ಎರಡನೆಯದು 0ಯಿಂದ ಮೊದಲನೆಯದರವರೆಗೆ. ಒಟ್ಟು 54 ಜೋಡಿ. 8991 ಸಂಖ್ಯೆಗಳ ಜಾತ್ರೆ ಒಂದೇ ಹೆಜ್ಜೆಗೆ 54ಕ್ಕೆ ಇಳೀತು! ಆ 54ನ್ನೂ ಕೈಯಲ್ಲೇ ಮಾಡಿ ನೋಡಬಹುದು. 6174ರ ಅಂಕಿಗಳು ಇಳಿಕೆ ಕ್ರಮದಲ್ಲಿ 7641, ವ್ಯತ್ಯಾಸಗಳು 6 ಮತ್ತು 2; 5994+180=6174. ತನ್ನನ್ನೇ ಹೆರೋ ಸಂಖ್ಯೆ ಅದೊಂದೇ.

(ಸಿಗ್ನಲ್‌ನಲ್ಲಿ ಮುಂದಿನ ಗಾಡಿಯ ನಂಬರ್ ಹಿಡಿದು ಕಳೀತಾ ಕೂರೋ ಚಟ ನನಗೂ ಇದೆ. ಹಿಂದಿನವರು ಹಾರ್ನ್ ಹೊಡೀತಾರೆ.)

ಇದನ್ನ 1949ರಲ್ಲಿ ಕಂಡುಕೊಂಡ ಡಿ. ಆರ್. ಕಾಪ್ರೇಕರ್ ನಾಸಿಕ್ ಹತ್ತಿರದ ದೇವಲಾಲಿಯ ಶಾಲಾ ಮೇಷ್ಟ್ರು. ರೀಲ್‌ನಲ್ಲಿ ಅವರು "ಪ್ರಾಚೀನ ಋಷಿ" ಆಗಿದ್ದಾರೆ. ತನ್ನ ಅಂಕಿಗಳ ಮೊತ್ತದಿಂದ ನಿಶ್ಶೇಷವಾಗಿ ಭಾಗವಾಗೋ ಸಂಖ್ಯೆಗೆ 'ಹರ್ಷದ' ಅಂತ ಹೆಸರಿಟ್ಟವರೂ ಅವರೇ. 6174ರ ಅಂಕಿಗಳ ಮೊತ್ತ 18. ಭಾಗಿಸಿದ್ರೆ 343, ಅಂದ್ರೆ 7ರ ಘನ. ಇನ್ನೂ ಚೆಂದದ್ದು: 18+18²+18³ ಕೂಡ 6174. ಇಂಥದ್ದನ್ನ ಯಾವ ಕೊಳಲೂ ಊದಲ್ಲ.

ಇನ್ನು ಬ್ರಹ್ಮಾಂಡದ ವಿಷಯ. ಮೂರಂಕಿಗೆ 495 ಸಿಗುತ್ತೆ, ಸರಿ. ಎರಡಂಕಿಗೆ ನೆಲೆಯೇ ಇಲ್ಲ: 09, 81, 63, 27, 45, ಮತ್ತೆ 09. ಐದಂಕಿಗೂ ಇಲ್ಲ, ಅಲ್ಲಿ ಮೂರು ಚಕ್ರಗಳಿವೆ, ಒಂದರಲ್ಲಿ 53955 ಮತ್ತು 59994 ಜೋಕಾಲಿ ಆಡ್ತಾ ಇರ್ತವೆ. ಬ್ರಹ್ಮಾಂಡಕ್ಕೆ ಐದಂಕಿ ಬರಲ್ವಾ?