ಪುಟ ಸಿಗದು, ನಾಣ್ಯ ಸಿಗುತ್ತದೆ

ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂಬ ಮಾತನ್ನು ಅಮೆರಿಕದ ಸರ್ಕಾರದಷ್ಟು ನಿಷ್ಠೆಯಿಂದ ಪಾಲಿಸುವವರು ವಿರಳ. 2024ರಲ್ಲಿ ಅದರ ಟಂಕಸಾಲೆ ಪಾಲಿ ಮರ್ರೆ ಎಂಬ ಕಪ್ಪು ವಕೀಲರ ಮುಖವನ್ನು ಕಾಲು ಡಾಲರಿನ ನಾಣ್ಯದ ಮೇಲೆ ಅಚ್ಚೊತ್ತಿ ಗೌರವಿಸಿತು. ಮರುವರ್ಷ ಅದೇ ಸರ್ಕಾರದ ರಾಷ್ಟ್ರೀಯ ಉದ್ಯಾನ ಸೇವೆ ಮರ್ರೆಯವರ ಕುರಿತಾದ ಪುಟಗಳನ್ನು ತನ್ನ ಜಾಲತಾಣದಿಂದ ಎತ್ತಿಹಾಕಿತು. ಡರ್ಹಾಮ್ ಊರಿನಲ್ಲಿ ಅವರು ಬೆಳೆದ ಮನೆ ರಾಷ್ಟ್ರೀಯ ಸ್ಮಾರಕಗಳ ಪಟ್ಟಿಯಲ್ಲಿದೆ, ಆ ಪಟ್ಟಿಯ ಉಸ್ತುವಾರಿಯೂ ಇದೇ ಉದ್ಯಾನ ಸೇವೆಯದು. ಹೀಗಾಗಿ ಮನೆ ಇದೆ, ಮುಖ ಇದೆ, ಮನುಷ್ಯರು ಮಾತ್ರ ನಾಪತ್ತೆ. ಮರ್ರೆಯವರು ತಮ್ಮ ಲಿಂಗದ ಬಗೆಗೆ ಖಾಸಗಿ ಕಾಗದಗಳಲ್ಲಿ ತೋಡಿಕೊಂಡ ಸಂಕಟವು ಅವರು ತೀರಿಹೋದ ನಾಲ್ಕು ದಶಕಗಳ ಮೇಲೆ ಒಂದು ಮಹಾಶಕ್ತಿಯ ಭದ್ರಬುನಾದಿಯನ್ನೇ ಅಲುಗಿಸತೊಡಗಿತಂತೆ. ಈ ಸುದ್ದಿ ಓದುಗರಿಗೆ ಗೊತ್ತಿರುವುದೇ. ಅದನ್ನು ಓದಿದಾಗ ನನಗೆ ನೆನಪಾದವರು ಮರ್ರೆಯವರಿಂದ ಒಂದು ದಪ್ಪ ಪುಸ್ತಕವನ್ನು ಬರೆಸಿದ ಮೆಥಡಿಸ್ಟ್ ಸಭೆ ಎಂಬ ಪ್ರೊಟೆಸ್ಟೆಂಟ್ ಕ್ರೈಸ್ತ ಪಂಗಡದ ಹೆಂಗಸರು.

ಈ ಹೆಂಗಸರದು ಬಹಳ ಸರಳವಾದ, ಆದ್ದರಿಂದಲೇ ಬಹಳ ಅಧಿಕಪ್ರಸಂಗದ ಪ್ರಶ್ನೆಯಾಗಿತ್ತು. 1940ರ ದಶಕದಲ್ಲಿ ಅವರ ಸಂಘಟನೆಯ ಕೈಯಲ್ಲಿ ಶಾಲೆಗಳಿದ್ದವು, ಹಾಸ್ಟೆಲುಗಳಿದ್ದವು, ಸಮುದಾಯ ಕೇಂದ್ರಗಳಿದ್ದವು. ದಕ್ಷಿಣದ ರಾಜ್ಯಗಳಲ್ಲಿ ಅವೆಲ್ಲ ಬಿಳಿಯರಿಗೊಂದು, ಕಪ್ಪು ಜನರಿಗೊಂದು ಎಂದು ಇಬ್ಭಾಗವಾಗಿದ್ದವು. ಯಾಕೆ ಹೀಗೆ ಎಂದು ಕೇಳಿದರೆ ಗಂಡಸರೆಲ್ಲರ ಉತ್ತರ ಒಂದೇ: ಏನು ಮಾಡುವುದಮ್ಮ, ಕಾನೂನು. ಮಿಸಿಸಿಪಿಯಲ್ಲಿ ಹುಟ್ಟಿ ಬೆಳೆದ ಥೆಲ್ಮಾ ಸ್ಟೀವನ್ಸ್ ಎಂಬ ಬಿಳಿಯ ಮಹಿಳೆ ಆಗ ಸಂಘಟನೆಯ ಸಾಮಾಜಿಕ ವಿಭಾಗದ ಮುಖ್ಯಸ್ಥೆ. ಕಾನೂನಾದರೆ ಅದನ್ನು ತೋರಿಸಿ, ಓದಿ ನೋಡುತ್ತೇವೆ ಎಂಬುದು ಆಕೆಯ ಮತ್ತು ಆಕೆಯ ಜೊತೆಗಾರ್ತಿಯರ ನಿಲುವು. ಯಾವ ರಾಜ್ಯದಲ್ಲಿ ಬೇರ್ಪಡಿಕೆ ನಿಜಕ್ಕೂ ಕಾನೂನಿನ ಕಟ್ಟಳೆ, ಎಲ್ಲಿ ಅದು ಬರಿಯ ಅಭ್ಯಾಸದ ಆಲಸ್ಯ ಎಂದು ಪಟ್ಟಿ ಮಾಡಿಕೊಡುವಂತೆ ಅವರು ಪಾಲಿ ಮರ್ರೆಯವರನ್ನು ಕೇಳಿದರು. ಬಣ್ಣದ ಕಾರಣಕ್ಕೆ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯವೂ ಹೆಣ್ಣೆಂಬ ಕಾರಣಕ್ಕೆ ಹಾರ್ವರ್ಡಿನ ಕಾನೂನು ಶಾಲೆಯೂ ಬಾಗಿಲು ಮುಚ್ಚಿದ್ದರಿಂದ, ಈ ವಿಷಯದಲ್ಲಿ ಮರ್ರೆಯವರಿಗೆ ಬೇಕಾದಷ್ಟು ಪ್ರಾಯೋಗಿಕ ತರಬೇತಿ ಮೊದಲೇ ಸಿಕ್ಕಿತ್ತು. ಹೆಂಗಸರು ಎಣಿಸಿದ್ದು ಒಂದು ಕಿರುಹೊತ್ತಗೆ, 1951ರಲ್ಲಿ ಕೈಗೆ ಬಂದದ್ದು 746 ಪುಟಗಳ ಸಂಪುಟ. ವರ್ಣಭೇದದ ವಿರುದ್ಧ ನ್ಯಾಯಾಲಯಗಳಲ್ಲಿ ಸೆಣಸುತ್ತಿದ್ದ ಥರ್ಗುಡ್ ಮಾರ್ಷಲ್ ಅದನ್ನು ತಮ್ಮ ಪಾಲಿನ ಬೈಬಲ್ ಎಂದು ಕರೆದರು.

ಆ ಕಾಲದ ಶಾಸನಕರ್ತರ ಸೂಕ್ಷ್ಮದೃಷ್ಟಿಗೆ ಈಗಲೂ ತಲೆದೂಗಬೇಕು. ಫ್ಲಾರಿಡಾದಲ್ಲಿ ಕಪ್ಪು ಮಕ್ಕಳ ಪಠ್ಯಪುಸ್ತಕಗಳನ್ನೂ ಬಿಳಿಯ ಮಕ್ಕಳ ಪಠ್ಯಪುಸ್ತಕಗಳನ್ನೂ ಬೇರೆಬೇರೆಯಾಗಿ ದಾಸ್ತಾನು ಮಾಡಬೇಕೆಂಬ ಕಾನೂನಿತ್ತು. ರಾತ್ರಿ ಬೀಗ ಹಾಕಿದ ಮೇಲೆ ಗೋದಾಮಿನ ಕತ್ತಲಲ್ಲಿ ಎರಡು ಅಂಕಗಣಿತದ ಪುಸ್ತಕಗಳು ಒಂದಕ್ಕೊಂದು ಒರಗಿ ಕುಳಿತರೆ ಆಗಬಹುದಾದ ಅನಾಹುತವನ್ನು ಮುಂಗಾಣಲು ಸಾಮಾನ್ಯ ಬುದ್ಧಿ ಸಾಲದು. ಒಕ್ಲಹೋಮಾ ರಾಜ್ಯವು ಟೆಲಿಫೋನ್ ಬೂತುಗಳನ್ನು ಪ್ರತ್ಯೇಕಿಸುವ ಬಗ್ಗೆ ಚಿಂತಿಸಿತು. ತಂತಿಯ ಆಚೆ ತುದಿಯಲ್ಲಿ ಮಾತನಾಡುವವರ ಬಣ್ಣವನ್ನು ಕಂಡುಹಿಡಿಯುವ ಉಪಕರಣ ಆಗ ಇರಲಿಲ್ಲವಾದ್ದರಿಂದ ಈಚೆ ತುದಿಯಲ್ಲಾದರೂ ಮಡಿ ಕಾಪಾಡಿದರೆ ಸಾಕೆಂದುಕೊಂಡಿರಬೇಕು. ದಕ್ಷಿಣ ಕೆರೊಲಿನಾದ ಬಟ್ಟೆ ಗಿರಣಿಗಳಲ್ಲಿ ಎರಡು ಬಣ್ಣದ ಕಾರ್ಮಿಕರು ಒಂದೇ ಕೋಣೆಯಲ್ಲಿ ದುಡಿಯುವಂತಿರಲಿಲ್ಲ, ಒಂದೇ ಮೆಟ್ಟಿಲು ಹತ್ತುವಂತಿರಲಿಲ್ಲ, ಸಂಬಳ ಪಡೆಯುವ ಕಿಟಕಿಯೂ ಬೇರೆ ಇರಬೇಕಿತ್ತು. ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರವಂತೂ ಕಪ್ಪು ಮನುಷ್ಯನೂ ಬಿಳಿಯ ಮನುಷ್ಯನೂ ಎದುರುಬದುರು ಕುಳಿತು ಚೆಕರ್ಸ್ ಆಡುವುದನ್ನೇ ಅಪರಾಧವೆಂದು ಸಾರಿತು. ಆ ಆಟದ ಕಾಯಿಗಳಲ್ಲೇ ಎರಡು ಬಣ್ಣಗಳಿವೆ, ಅವು ಒಂದೇ ಮಣೆಯ ಮೇಲೆ ಹಗಲೆಲ್ಲ ಓಡಾಡುತ್ತವೆ ಎಂಬುದನ್ನು ಯಾರೂ ನಗರಸಭೆಯ ಗಮನಕ್ಕೆ ತಂದಂತಿಲ್ಲ. ಅಟ್ಲಾಂಟಾದ ನ್ಯಾಯಾಲಯದಲ್ಲಿ ಪ್ರಮಾಣವಚನಕ್ಕೆ ಎರಡು ಸತ್ಯವೇದಗಳನ್ನು ಇಟ್ಟಿದ್ದರು. ದೇವರೊಬ್ಬನೇ, ಸತ್ಯ ಒಂದೇ, ಮುಟ್ಟಬೇಕಾದ ರಟ್ಟು ಮಾತ್ರ ಬೇರೆ.

ಮೆಥಡಿಸ್ಟ್ ಸಭೆ ಇದನ್ನೆಲ್ಲ ನೋಡಿ ನೊಂದುಕೊಂಡಿರಬೇಕೆಂದು ನೀವು ಭಾವಿಸಿದರೆ ಅದು ನಿಮ್ಮ ಒಳ್ಳೆಯತನ. ಗುಲಾಮಗಿರಿಯ ಜಗಳದಲ್ಲಿ ಒಡೆದುಹೋಗಿದ್ದ ಉತ್ತರ-ದಕ್ಷಿಣದ ಸಭೆಗಳು 1939ರಲ್ಲಿ ಕ್ಯಾನ್ಸಾಸ್ ಸಿಟಿಯಲ್ಲಿ ಮತ್ತೆ ಒಂದಾದಾಗ, ಆಡಳಿತದ ಅನುಕೂಲಕ್ಕೆಂದು ಆರು ಅಧಿಕಾರವಲಯಗಳನ್ನು ರಚಿಸಿದವು. ಐದು ವಲಯಗಳು ದಿಕ್ಕು ಮತ್ತು ಪ್ರದೇಶಗಳನ್ನು ನೋಡಿ ಗೆರೆ ಎಳೆದವು. ಆರನೆಯ ವಲಯಕ್ಕೆ ಭೂಪಟ ಬೇಕಾಗಲಿಲ್ಲ, ಏಕೆಂದರೆ ಅದು ಕಪ್ಪು ಸದಸ್ಯರೆಲ್ಲ ಎಲ್ಲೇ ಇರಲಿ, ಅವರನ್ನು ಒಟ್ಟಿಗೆ ಗುಡಿಸಿ ಹಾಕಲು ಮಾಡಿದ್ದು. ಪಂಕ್ತಿಭೇದವನ್ನು ಬಲ್ಲ ನಮ್ಮವರಿಗೆ ಈ ವ್ಯವಸ್ಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ: ಅಡುಗೆ ಒಂದೇ, ದಾನಿ ಒಬ್ಬನೇ, ಎಲೆ ಹಾಕುವ ಜಾಗ ಬೇರೆ. ಈ ಏಕತೆಯ ಯೋಜನೆ 1936ರಲ್ಲಿ ಉತ್ತರದ ಸಭೆಯ ಮಹಾಸಮ್ಮೇಳನದ ಮುಂದೆ ಬಂದಾಗ ಅಲ್ಲಿದ್ದ 47 ಕಪ್ಪು ಪ್ರತಿನಿಧಿಗಳಲ್ಲಿ 36 ಮಂದಿ ವಿರುದ್ಧ ಮತ ಹಾಕಿದರು, 11 ಮಂದಿ ತಟಸ್ಥರಾಗಿ ಉಳಿದರು. ಯೋಜನೆ ಗೆದ್ದಿತು. ಗೆದ್ದವರು ಎದ್ದುನಿಂತು ಸ್ತೋತ್ರಗೀತೆ ಹಾಡಿದರು, ಕಪ್ಪು ಪ್ರತಿನಿಧಿಗಳು ಕುಳಿತೇ ಇದ್ದರು. ಏಕತೆಯ ಈ ಆರನೆಯ ವಲಯ 1968ರ ತನಕ ಬಾಳಿತು.

ಆದರೆ ಹೆಂಗಸರಿಗೆ ತಮ್ಮ ಸಭೆಯ ಗಂಡಸರ ತರ್ಕ ಹೊಸದೇನಲ್ಲ. 1869ರ ಮಾರ್ಚಿನಲ್ಲಿ, ಭಾರತದಿಂದ ಮರಳಿದ್ದ ಇಬ್ಬರು ಮಿಷನರಿ ಪತ್ನಿಯರ ಮಾತಿಗೆ ಕಿವಿಗೊಟ್ಟು, ಬಾಸ್ಟನ್ನಿನ ಬೆರಳೆಣಿಕೆಯ ಹೆಂಗಸರು ಬಿರುಮಳೆಯ ದಿನ ಸೇರಿ ವಿದೇಶೀ ಮಿಷನರಿ ಸಂಘವೊಂದನ್ನು ಕಟ್ಟಿದರು. ಚಂದಾ ವಾರಕ್ಕೆ ಎರಡು ಸೆಂಟ್. ಮಿಷನ್ ಮಂಡಳಿಯ ಮಹನೀಯರು ದೊಡ್ಡ ಮನಸ್ಸು ಮಾಡಿ ಒಪ್ಪಿದರು, ಒಂದೇ ಷರತ್ತು: ಆರಾಧನೆಯಲ್ಲಾಗಲಿ ಗಂಡಸರೂ ಕುಳಿತ ಸಾರ್ವಜನಿಕ ಸಭೆಯಲ್ಲಾಗಲಿ ಕಾಣಿಕೆ ಎತ್ತಕೂಡದು. ಅಂದರೆ ಹಣ ಕೂಡಿಸಬಹುದು, ಹಣವಿರುವ ಕಡೆ ಮಾತ್ರ ಕೂಡಿಸಬಾರದು. ರೇಷ್ಮೆ ಬಿಟ್ಟು ಅಗ್ಗದ ಹತ್ತಿಯ ಬಟ್ಟೆಯುಟ್ಟು ಬೀದಿಯಲ್ಲಿ ನಡೆದೇವು, ಕಳಿಸುವವರನ್ನು ಕಳಿಸಿಯೇ ತೀರುತ್ತೇವೆ ಎಂದು ಹಟ ಹಿಡಿದ ಅವರು ವರ್ಷ ತುಂಬುವುದರೊಳಗೆ ಶಿಕ್ಷಕಿ ಇಸಾಬೆಲಾ ಥೋಬರ್ನ್ ಅವರನ್ನು ಲಕ್ನೋಗೂ ವೈದ್ಯೆ ಕ್ಲಾರಾ ಸ್ವೈನ್ ಅವರನ್ನು ಬರೇಲಿಗೂ ಹಡಗು ಹತ್ತಿಸಿದರು. ಸ್ವೈನ್ ಅವರ ಆಸ್ಪತ್ರೆಗೆ ಜಾಗ ಕೊಟ್ಟವನು ರಾಂಪುರದ ನವಾಬ. ಒಬ್ಬ ಮುಸಲ್ಮಾನ ದೊರೆಯಿಂದ ಹೆಂಗಸರ ಆಸ್ಪತ್ರೆಗೆ ನೆಲ ಸಿಕ್ಕಿತು, ತಮ್ಮದೇ ಸಭೆಯ ಮಹಾಸಮ್ಮೇಳನದಲ್ಲಿ ಕುರ್ಚಿ ಸಿಗಲಿಲ್ಲ. ಈ ಥೋಬರ್ನ್ ಮನೆತನದ ಹೆಸರು ನಮ್ಮ ಕೋಲಾರದ ಎಲೆನ್ ಥೋಬರ್ನ್ ಕೋವನ್ ಸ್ಮಾರಕ ಆಸ್ಪತ್ರೆಯಲ್ಲಿ ಇಂದಿಗೂ ಉಳಿದಿದೆ. ಅಲ್ಲಿ ಹುಟ್ಟಿದ ಎಷ್ಟೋ ಮಂದಿಗೆ ಅದು ಇಟಿಸಿಎಂ ಎಂದಷ್ಟೇ ಗೊತ್ತು.

ಕುರ್ಚಿಯ ವಿಷಯವೂ ಕೇಳುವಂಥದ್ದೇ. 1888ರ ಮಹಾಸಮ್ಮೇಳನಕ್ಕೆ ಫ್ರಾನ್ಸಿಸ್ ವಿಲರ್ಡ್ ಸೇರಿದಂತೆ ಐವರು ಹೆಂಗಸರು ಕ್ರಮಪ್ರಕಾರ ಚುನಾಯಿತರಾದರು. ಭಕ್ತರೂ ಬಿಷಪರೂ ದಿನಗಟ್ಟಲೆ ಚರ್ಚಿಸಿ, 198ಕ್ಕೆ 237 ಮತಗಳಿಂದ, ಅವರನ್ನು ಕೂರಿಸಿಕೊಳ್ಳಬಾರದೆಂದು ತೀರ್ಮಾನಿಸಿದರು. ಹೆಂಗಸರು ಒಳಗೆ ಕುಳಿತದ್ದು 1904ರಲ್ಲಿ. ಸಭಾಪಾಲಕರಾಗುವ ಪೂರ್ಣ ಹಕ್ಕು ದೊರೆತದ್ದು 1956ರಲ್ಲಿ. ಸ್ವರ್ಗದ ಬಾಗಿಲು ಇದಕ್ಕಿಂತ ಬೇಗ ತೆರೆಯುತ್ತದೆಂದು ಕೇಳಿದ್ದೇನೆ.

ಇಷ್ಟರ ನಡುವೆಯೂ ಥೆಲ್ಮಾ ಸ್ಟೀವನ್ಸ್ ಅವರಿದ್ದ ಹೆಂಗಸರ ಈ ಸಂಘಟನೆ ಎಲ್ಲ ಬಣ್ಣದ ಸದಸ್ಯೆಯರಿಗೂ ಒಟ್ಟಿಗೆ ಉಣ್ಣಲು, ತಂಗಲು ಅವಕಾಶವಿರುವ ಊರುಗಳಲ್ಲಷ್ಟೇ ತನ್ನ ಸಭೆಗಳನ್ನು ನಡೆಸುವುದೆಂದು ನಿಶ್ಚಯಿಸಿತು. 1952ರಲ್ಲಿ ಜನಾಂಗೀಯ ನೀತಿಯ ಸನ್ನದೊಂದನ್ನು ಹೊರಡಿಸಿ, 1962ರಲ್ಲಿ ಅದನ್ನು ಬಿಗಿಗೊಳಿಸಿ, 1978ರಲ್ಲಿ ಜನಾಂಗೀಯ ನ್ಯಾಯದ ಸನ್ನದೆಂದು ಹೊಸದಾಗಿ ಬರೆಯಿತು. ಇಡೀ ಸಭೆ ಅದನ್ನು ಅಂಗೀಕರಿಸಿದ್ದು 1980ರಲ್ಲಿ. ಮೊದಲ ಸನ್ನದಿನಿಂದ ಲೆಕ್ಕ ಹಾಕಿದರೆ 28 ವರ್ಷ. ಆತುರದ ನಿರ್ಧಾರವೆಂದು ಯಾರೂ ದೂರುವಂತಿಲ್ಲ.

ನಗು ಇಲ್ಲಿಗೆ ಸಾಕು. ಮರ್ರೆಯವರಿಗೆ 746 ಪುಟಗಳನ್ನು ತುಂಬಿಸಲು ಸಾಧ್ಯವಾದದ್ದು ಆ ಕಾಲದ ಜನಾಂಗದ್ವೇಷಿಗಳು ತಮ್ಮ ದ್ವೇಷವನ್ನು ಕಲಮು, ಉಪಕಲಮು, ದಂಡದ ಮೊತ್ತ ಸಮೇತ ಅಚ್ಚು ಹಾಕಿಸಿ ಗ್ರಂಥಾಲಯದಲ್ಲಿ ಇಟ್ಟಿದ್ದರಿಂದ. ಅದು ನೀಚತನ, ಆದರೆ ಸಹಿ ಹಾಕಿದ ನೀಚತನ. ಬೆರಳಿಟ್ಟು ತೋರಿಸಬಹುದಾಗಿತ್ತು, ನ್ಯಾಯಾಲಯಕ್ಕೆ ಎಳೆಯಬಹುದಾಗಿತ್ತು, ಎಳೆದರು ಕೂಡ. ಈಗ ಪುಟವನ್ನು ಅಳಿಸುವವರು ಇನ್ನೊಂದು ಪುಟವನ್ನು ಬರೆಯುವುದಿಲ್ಲ. ಇಂಥವರು ಇಂಥ ಕಾರಣಕ್ಕೆ ಇಷ್ಟನ್ನು ತೆಗೆದೆವು ಎಂದು ಓದುಗರಿಗೆ ಒಂದು ಸಾಲೂ ಇಲ್ಲ. ಬದುಕಿರುವಾಗ ಎರಡೆರಡು ಬಾಗಿಲಿನಿಂದ ಹೊರಗಿಟ್ಟವರನ್ನು ಸತ್ತ ಮೇಲೆ ಮೂರನೆಯ ಬಾಗಿಲಿನಿಂದ ಹೊರಹಾಕಲು ಒಂದು ಇಲಾಖೆ ಸಂಬಳ ಎಣಿಸಿಕೊಳ್ಳುತ್ತಿದೆ. ಇದರ ಬಗ್ಗೆ ವ್ಯಂಗ್ಯವಾಡಿ ಆಡಿ ನನಗೂ ದಣಿವಾಗಿದೆ.

ಹೆಂಗಸರ ಕೆಲಸವೇನೋ ನಿಂತಿಲ್ಲ. 2022ರಿಂದ ಯುನೈಟೆಡ್ ವಿಮೆನ್ ಇನ್ ಫೇತ್ ಎಂಬ ಹೆಸರಿನಲ್ಲಿ ನಡೆಯುತ್ತಿರುವ ಈ ಸಂಘಟನೆ, ಕಪ್ಪು ಮಕ್ಕಳನ್ನು ಸಣ್ಣಪುಟ್ಟ ತಪ್ಪಿಗೆ ಶಾಲೆಯಿಂದ ಹೊರದಬ್ಬಿ ಪೊಲೀಸರ ಕೈಗೊಪ್ಪಿಸುವ ಪದ್ಧತಿಯ ವಿರುದ್ಧ ಹೋರಾಡುತ್ತಿದೆ. ಯಾವ ಬಣ್ಣದ ಎಷ್ಟು ಮಕ್ಕಳನ್ನು ಯಾವ ಶಾಲೆ ಹೊರಹಾಕಿತು ಎಂದು ದೇಶದುದ್ದಕ್ಕೂ ಲೆಕ್ಕ ಕಲೆಹಾಕುವ ಹೊಣೆ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಯದು. 2025ರ ಮಾರ್ಚಿನಲ್ಲಿ ಸರ್ಕಾರ ಆ ಕಚೇರಿಯ 12 ಪ್ರಾದೇಶಿಕ ಶಾಖೆಗಳಲ್ಲಿ 7ಕ್ಕೆ ಬಾಗಿಲು ಹಾಕಿ, ಅದೇ ತಿಂಗಳು ಇಲಾಖೆಯನ್ನೇ ಮುಚ್ಚುವ ಆದೇಶಕ್ಕೂ ಸಹಿ ಮಾಡಿತು. ದಕ್ಷತೆ ಹೆಚ್ಚಿಸಲು ಎಂದು ಕಾರಣ ಕೊಟ್ಟಿದ್ದಾರೆ.