ಅಮ್ಮ ತೊಳೆದ ಟ್ಯಾಂಕು

ಆಯುಧಪೂಜೆ ಮುಗಿದು ನಾಲ್ಕು ದಿನಗಳಾದರೂ ನಾನು ಅಮ್ಮನೊಂದಿಗೆ ಮುಖ ಕೊಟ್ಟು ಮಾತನಾಡಿಲ್ಲ. ನಾನು ಮುನಿಸಿಕೊಂಡಿರುವುದು ಅವಳ ಗಮನಕ್ಕೇ ಬಂದಿಲ್ಲ ಎಂಬುದು ಇನ್ನೊಂದು ಬೇಸರ. ಅವಳ ಲೆಕ್ಕದಲ್ಲಿ ಅವಳು ನನಗೆ ಉಪಕಾರವನ್ನೇ ಮಾಡಿದ್ದಾಳೆ. ಸ್ಕೂಟರು, ಮೊಮ್ಮಗನ ಸೈಕಲ್ಲು, ಹೊಲಿಗೆ ಯಂತ್ರ, ಮಿಕ್ಸಿ, ಈಳಿಗೆಮಣೆ ಇವೆಲ್ಲವನ್ನೂ ಒರೆಸಿದ ಕೈಯಲ್ಲೇ ನನ್ನ ಮೇಜಿನ ಮೇಲೆ ಕೆಸರು ಮೆತ್ತಿಕೊಂಡು ನಿಂತಿದ್ದ, ನಾನೇ ಜೋಡಿಸಿದ ಪ್ಲಾಸ್ಟಿಕ್ಕಿನ ಪುಟ್ಟ ಮಾದರಿ ಯುದ್ಧ ಟ್ಯಾಂಕನ್ನೂ ಬಚ್ಚಲಿಗೆ ಒಯ್ದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆದು, ದೇವರ ಮುಂದೆ ಸಾಲಿನಲ್ಲಿ ಇಟ್ಟಿದ್ದಾಳೆ.

ಆ ಕೆಸರು ತಾನಾಗಿ ಬಂದು ಮೆತ್ತಿಕೊಂಡದ್ದಲ್ಲ, ಆರು ಭಾನುವಾರಗಳ ನನ್ನ ದುಡಿಮೆಯ ಫಲ ಎಂಬುದನ್ನು ಅವಳಿಗೆ ಹೇಗೆ ಹೇಳುವುದು? ನಮ್ಮೂರಿನ ಕೆಂಪು ಮಣ್ಣನ್ನು ತಂದು, ಬಿಸಿಲಿನಲ್ಲಿ ಒಣಗಿಸಿ, ಚಹಾ ಸೋಸುವ ಜಾಲರಿಯಲ್ಲಿ ಎರಡು ಬಾರಿ ಜರಡಿ ಹಿಡಿದಿದ್ದೆ. ಆಮೇಲೆ, 1971ರ ಡಿಸೆಂಬರಿನಲ್ಲಿ ಪಾಕಿಸ್ತಾನದ ವಿರುದ್ಧ ಜಮ್ಮುವಿನ ಛಂಬ್ ರಣಾಂಗಣದಲ್ಲಿ ಹೋರಾಡಿದ ಟ್ಯಾಂಕಿಗೆ ನಮ್ಮೂರಿನ ಕೆಮ್ಮಣ್ಣು ಮೆತ್ತಿದ್ದೇಕೆ ಎಂದು ಯಾರಾದರೂ ಕೇಳಿಯಾರೆಂದು ಹೆದರಿ, ಬೂದು ಬಣ್ಣದ ಚಾಕ್ ಪುಡಿಯನ್ನು ಬೆರೆಸಿ ಆ ಕೆಂಪನ್ನು ಅಡಗಿಸಿದ್ದೆ. ಹಬ್ಬದ ರಜೆಯಲ್ಲಿ ವಾರ್ನಿಷ್ ಬಳಿದು ಅದನ್ನು ಭದ್ರಪಡಿಸುವುದೊಂದು ಬಾಕಿ ಇತ್ತು. ಹಬ್ಬ ನನಗಿಂತ ಮೊದಲು ಅಮ್ಮನಿಗೆ ಬಂತು.

ಟ್ಯಾಂಕಿನ ಹೆಸರು ಟಿ-55. ರಷ್ಯಾದ ವಿನ್ಯಾಸ, 36 ಟನ್ ತೂಕ, ನಾಲ್ವರು ಸಿಬ್ಬಂದಿ. ನನ್ನದು 1:35ರ ಅಳತೆಯದಾದ್ದರಿಂದ ಒಂಬತ್ತು ಮೀಟರ್ ಉದ್ದದ ಆ ದೈತ್ಯ ಸುಮಾರು 26 ಸೆಂಟಿಮೀಟರಿಗೆ ಇಳಿದು ನನ್ನ ಮೇಜಿನ ಮೇಲೆ ಹಿಡಿಸುತ್ತದೆ. ಕಿಟ್ಟಿನ ಪೆಟ್ಟಿಗೆಯಿಂದ ತೆಗೆದು ಅಂಟಿಸಿದರೆ ಟ್ಯಾಂಕು ಆಗುತ್ತದೆ, ನಿಜ. ಆದರೆ ಅದು ಶೋರೂಮಿನಿಂದ ಆಗಷ್ಟೇ ಹೊರಬಿದ್ದಂತೆ ಕಾಣುತ್ತದೆ. ಫಿರಂಗಿಯನ್ನು ಹೊತ್ತು ತಿರುಗುವ, ಎರಕ ಹೊಯ್ದ ಉಕ್ಕಿನ ಗೋಪುರ ಒರಟಾಗಿರಬೇಕು, ಪ್ಲಾಸ್ಟಿಕ್ಕಿನದು ರಾಗಿಮುದ್ದೆಯಂತೆ ನುಣುಪಾಗಿರುತ್ತದೆ. ಹಾಗಾಗಿ ತೆಳುವಾದ ಪುಟ್ಟಿಯನ್ನು ಬಳಿದು ಗಡಸು ಕುಂಚದಿಂದ ಕುಟ್ಟಿ ಒರಟು ಮಾಡಿದೆ. ಕಿಟ್ಟಿನೊಂದಿಗೆ ಬಂದ ಎಳೆಯುವ ಹಗ್ಗ ಚಕ್ಕುಲಿಯಂತೆ ಇತ್ತು. ಅದನ್ನು ಎಸೆದು, ಕೆಟ್ಟ ಚಾರ್ಜರಿನ ತಾಮ್ರದ ಎಳೆಗಳನ್ನು ಹೊಸೆದು ಬೇರೆ ಮಾಡಿದೆ. ಟಿಶ್ಯೂ ಕಾಗದವನ್ನು ಫೆವಿಕಾಲ್ ನೀರಿನಲ್ಲಿ ಅದ್ದಿ ತಾಡಪಾಲಿನ ಸುರುಳಿ ಮಾಡಿದೆ. ಕೆಸರಿನಲ್ಲಿ ಹೂತ ಟ್ಯಾಂಕನ್ನು ಮೇಲೆತ್ತಲೆಂದು ಹಿಂಬದಿಗೆ ಕಟ್ಟಿಕೊಂಡಿರುತ್ತಿದ್ದ ಮರದ ದಿಮ್ಮಿಗೆ ನಮ್ಮ ಹಿತ್ತಲಿನ ಕರಿಬೇವಿನ ಗಿಡದ ಒಣಕಡ್ಡಿಯೇ ಒದಗಿತು. ಮೂರು ಮಿಲಿಮೀಟರಿನ ಹಿತ್ತಾಳೆ ಹಿಡಿಯೊಂದು ಚಿಮಟದಿಂದ ಸಿಡಿದು ಮೊಸಾಯಿಕ್ ನೆಲಕ್ಕೆ ಬಿದ್ದಾಗ, ಟಾರ್ಚ್ ಹಿಡಿದು ಹೊಟ್ಟೆಯ ಮೇಲೆ ತೆವಳಿದ ಒಂದೂವರೆ ಗಂಟೆಯ ವಿಚಾರ ಬೇಡ. ಚುಕ್ಕಿಚುಕ್ಕಿಯ ಆ ನೆಲವನ್ನು ಕಂಡುಹಿಡಿದವನಿಗೆ ಇಂಥ ಹವ್ಯಾಸ ಇದ್ದಿರಲಾರದು.

ಆದರೆ ನನಗೆ ಅತ್ಯಂತ ಹೆಮ್ಮೆಯೆನಿಸಿದ್ದ ಭಾಗ ಬೇರೆಯೇ ಇತ್ತು. ಆ ಯುದ್ಧದಲ್ಲಿ ಪಾಕಿಸ್ತಾನದ ಕೈಯಲ್ಲಿದ್ದ ಚೀನಾ ನಿರ್ಮಿತ ಟೈಪ್ 59 ಟ್ಯಾಂಕು ರಷ್ಯಾದ ಟಿ-54ರ ನಕಲಾದ್ದರಿಂದ ದೂರದಿಂದ ನೋಡಿದರೆ ನಮ್ಮದು ಯಾವುದು, ಅವರದು ಯಾವುದು ಎಂದು ತಿಳಿಯುವಂತಿರಲಿಲ್ಲ. ನಮ್ಮವರೇ ನಮ್ಮವರ ಮೇಲೆ ಗುಂಡು ಹಾರಿಸದಿರಲೆಂದು ನಮ್ಮ ಸೇನೆ ತನ್ನ ಫಿರಂಗಿ ನಳಿಕೆಗಳ ನಡುವೆ ಯಾವ ಕೆಲಸಕ್ಕೂ ಬಾರದ ಸುಳ್ಳು ಉರುಳೆಯೊಂದನ್ನು ತೊಡಿಸಿತು. ನಿಜವಾದ ಟ್ಯಾಂಕಿಗೆ ಸುಳ್ಳು ಭಾಗ. ನನ್ನ ಸುಳ್ಳು ಟ್ಯಾಂಕಿಗೆ ಆ ಸುಳ್ಳು ಭಾಗದ ನಿಜವಾದ ಪ್ರತಿರೂಪ! ಬಾಲ್‌ಪೆನ್ನಿನ ಮುಚ್ಚಳವನ್ನು ಕತ್ತರಿಸಿ, ಉಜ್ಜಿ, ಬಣ್ಣ ಬಳಿದು ಅದನ್ನು ಮಾಡಿ ಮುಗಿಸಿದ ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

ಹಬ್ಬದ ಬೆಳಿಗ್ಗೆ ಅಮ್ಮ ಹೇಳಿದ್ದು ಇಷ್ಟೇ: “ಅದರ ಮೂತಿಗೆ ಯಾವುದೋ ಪೆನ್ನಿನ ಮುಚ್ಚಳ ಸಿಕ್ಕಿಹಾಕಿಕೊಂಡಿತ್ತು ಕಣೋ. ತಿಕ್ಕಿದಾಗ ನೀಲಿ ಕಾಣಿಸಿತು. ಎಳೆದು ತೆಗೆದು ನಿನ್ನ ಪೆನ್ನಿನ ಡಬ್ಬಿಯಲ್ಲೇ ಹಾಕಿದ್ದೀನಿ. ಹಿಂದೆ ಒಂದು ಕಡ್ಡಿನೂ ಅಂಟಿಕೊಂಡಿತ್ತು, ಕಸಕ್ಕೆ ಹಾಕಿದೆ.”

ಉತ್ತರ ಹುಡುಕುವಷ್ಟರಲ್ಲಿ ಮಂಗಳಾರತಿ ಆಗಿತ್ತು. ಗೋಪುರದ ಮೇಲೆ ಚೆಂಡುಹೂವಿನ ಹಾರ, ಎದುರು ತಗಡಿಗೆ ಅಮ್ಮನ ಉಂಗುರ ಬೆರಳಿನ ಕುಂಕುಮ, ಚಕ್ರಗಳನ್ನು ಸುತ್ತುವರಿದ ಎರಡು ಪಟ್ಟಿಗಳ ಮುಂದೆ ಎರಡು ನಿಂಬೆಹಣ್ಣು. ನಾಲ್ಕು ಸೆಂಟಿಮೀಟರ್ ದಪ್ಪದ ನಿಂಬೆಹಣ್ಣೆಂದರೆ ನನ್ನ ಅಳತೆಯಲ್ಲಿ ಒಂದು ಮೀಟರ್ 40 ಸೆಂಟಿಮೀಟರ್ ಎತ್ತರದ ಬಂಡೆ. ಸ್ಕೂಟರು ತನ್ನ ಪಾಲಿನ ಹಣ್ಣನ್ನು ಪಚಕ್ಕೆಂದು ತುಳಿದು ಮುಂದೆ ಹೋಯಿತು. ಟ್ಯಾಂಕಿನ ಸರದಿ ಬಂದಾಗ ಅಮ್ಮ ಹಿಂದಿನಿಂದ ತಳ್ಳಿದಳು; ಅದು ಕದಲಲಿಲ್ಲ. ಚಕ್ರಗಳನ್ನೂ ಪಟ್ಟಿಗಳನ್ನೂ ನಾನು ಅಂಟಿಸಿಬಿಟ್ಟಿದ್ದೆ. “ಬ್ರೇಕ್ ಹಾಕಿದ್ದೀಯೇನೋ?” ಎಂದು ಕೇಳಿ, ಇನ್ನಷ್ಟು ಬಲವಾಗಿ ತಳ್ಳಿದಳು. ಟ್ಯಾಂಕು ನಿಂಬೆಹಣ್ಣುಗಳ ಮೇಲೆ ಮೂತಿಯೆತ್ತಿ ಏರಿ, ಒಂದು ಕ್ಷಣ ತೂಗಾಡಿ, ಮಗ್ಗುಲಾಗಿ ಉರುಳಿಕೊಂಡಿತು. ನಾನು ಒಂದೊಂದಾಗಿ ಜೋಡಿಸಿದ್ದ ಎಡಪಟ್ಟಿಯ ಕೊಂಡಿಗಳು ಚೆಲ್ಲಾಪಿಲ್ಲಿಯಾಗಿ ಅದೇ ಮೊಸಾಯಿಕ್ ನೆಲವನ್ನು ಸೇರಿದವು. ಹಣ್ಣುಗಳಿಗೆ ಗೀರೂ ಬೀಳಲಿಲ್ಲ. “ದೃಷ್ಟಿ ಹೋಯಿತು ಬಿಡು” ಎಂದಳು ಅಮ್ಮ, ಸಮಾಧಾನದಿಂದ.

ವಾಹನಗಳನ್ನು ತೊಳೆಯುವುದು ಮೊದಲು ಅಪ್ಪನ ಕೆಲಸವಾಗಿತ್ತು. ಅವರು ಹೋದಮೇಲೆ ಅಮ್ಮ ಯಾರನ್ನೂ ಕೇಳದೆ ಅದನ್ನು ವಹಿಸಿಕೊಂಡಳು. ಅಪ್ಪನ ಹಳೆಯ ಸ್ಕೂಟರಿನಲ್ಲಿ ಬ್ರೇಕಿನ ಪಕ್ಕ, ಅವರ ಬಲಗಾಲಿನ ಹಿಮ್ಮಡಿ ಊರುತ್ತಿದ್ದ ಕಡೆ, ಬಣ್ಣ ಸವೆದು ತಗಡು ಬೆಳ್ಳಗೆ ಕಾಣುತ್ತಿತ್ತು. ಟ್ಯಾಂಕಿನ ಸಿಬ್ಬಂದಿ ಹತ್ತಿ ಇಳಿಯುವ ಅಂಚುಗಳಿಗೆ ಪೆನ್ಸಿಲಿನ ಸೀಸವನ್ನು ಉಜ್ಜಿ ಅಂಥದೇ ಸವೆತವನ್ನು ತರಲು ನಾನು ಎಷ್ಟೋ ಸಂಜೆಗಳನ್ನು ಕಳೆದಿದ್ದೇನೆ. ಆ ಸ್ಕೂಟರನ್ನು ಗುಜರಿಗೆ ಹಾಕುವಾಗ ಒಂದು ಫೋಟೋ ತೆಗೆದಿಟ್ಟುಕೊಳ್ಳಬೇಕೆಂದು ಮಾತ್ರ ನನಗೆ ತೋಚಲಿಲ್ಲ.

ನಿನ್ನೆ ರಿಪೇರಿಗೆ ಕುಳಿತೆ. ಥಿನ್ನರಿನಲ್ಲಿ ಅದ್ದಿದ ಕುಂಚದಿಂದ ಕುಂಕುಮವನ್ನು ತೆಗೆಯಲು ಹೋದರೆ ಅದು ಕರಗಿ, ನಾನು ಬೇಕೆಂದು ಬಳಿದ ಯಾವ ಬಣ್ಣವೂ ಇಳಿಯದಷ್ಟು ಅಚ್ಚುಕಟ್ಟಾಗಿ ಬೆಸುಗೆಯ ಸಂದುಗಳಿಗೆ ಇಳಿಯಿತು. ದಸರೆಯಲ್ಲಿ ನಮ್ಮ ಸೇನೆಯಲ್ಲಿಯೂ ಶಸ್ತ್ರಪೂಜೆ ನಡೆಯುತ್ತದೆ, ಟ್ಯಾಂಕುಗಳಿಗೂ ತಿಲಕ ಇಡುತ್ತಾರೆ ಎಂಬುದು ಆಗ ನೆನಪಾಯಿತು. ಅಂದರೆ ಈಗ ನನ್ನ ಟ್ಯಾಂಕಿನ ಮೇಲೆ ಉಳಿದಿರುವ ವಿವರಗಳಲ್ಲಿ ಯಾರೂ ತಕರಾರು ಎತ್ತಲಾಗದಂಥದ್ದು ಅಮ್ಮನದೊಂದೇ. ಅಳತೆಯ ಪ್ರಕಾರ ಆ ತಿಲಕ ಅರ್ಧ ಮೀಟರ್ ಅಗಲವಾಯಿತು ಎಂಬುದನ್ನು ಬಿಟ್ಟರೆ. ಅದನ್ನು ಹಾಗೆಯೇ ಬಿಟ್ಟು, ಹೊಸ ಮಣ್ಣನ್ನು ಜರಡಿ ಹಿಡಿಯತೊಡಗಿದೆ.

“ಮತ್ತೆ ಕೊಳೆ ಮಾಡ್ತಾ ಇದ್ದೀಯೇನೋ?” ಎಂಬ ದನಿ ಹಿಂದಿನಿಂದ ಬಂತು. ತಿರುಗಿ ನೋಡಿದರೆ ಅಮ್ಮ ಟ್ಯಾಂಕನ್ನು ನೋಡುತ್ತಿರಲಿಲ್ಲ. ಎರಡು ತಿಂಗಳಿನಿಂದ ಅಡಿಗೆಮನೆಯಲ್ಲೆಲ್ಲ ತಾನು ಹುಡುಕುತ್ತಿದ್ದ ಚಹಾ ಜಾಲರಿಯನ್ನು ನನ್ನ ಕೈಯಲ್ಲಿ ನೋಡುತ್ತಿದ್ದಳು.