ಅಳಿವೆಯ ಸಮಿತಿಯಲ್ಲಿ ಬಳಚು ಆಯುವವರಿಗೆ ಜಾಗವೆಲ್ಲಿ?

ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಬಳಚನ್ನು, ಅಂದರೆ ಕೆಸರಿನಲ್ಲಿ ಬೆಳೆಯುವ ತಿನ್ನುವ ಚಿಪ್ಪುಜೀವಿಯನ್ನು, ಯಾವ ತಿಂಗಳು, ಎಲ್ಲಿ, ಎಷ್ಟು ತೆಗೆಯಬಹುದೆಂದು ತೀರ್ಮಾನಿಸಲು ನಮ್ಮ ಕಡೆ ನಿನ್ನೆ ಒಂದು ಸಭೆ ನಡೆಯಿತು. ಅಲ್ಲಿ ಸಿದ್ಧವಾದ ಸಮಿತಿಯ ಪಟ್ಟಿಯಲ್ಲಿ ಒಬ್ಬ ಹೆಂಗಸೂ ಇಲ್ಲ. ಇಳಿತದ ಹೊತ್ತಿನಲ್ಲಿ ಕೆಸರಿಗಿಳಿದು, ಸೊಂಟ ಬಗ್ಗಿಸಿ ಬಳಚು ಆಯುವ ಹೆಂಗಸರು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಹಾಜರಿ ಪುಸ್ತಕಕ್ಕೆ ಅವರ ಸಹಿ ಬೇಕಾಯಿತು, ಅಭಿಪ್ರಾಯ ಬೇಕಾಗಲಿಲ್ಲ. ರಾತ್ರಿಯಿಡೀ ನನಗೆ ಸಿಟ್ಟು ಇಳಿಯಲಿಲ್ಲ.

ದೋಣಿ ಮತ್ತು ಬಲೆ ಯಾರ ಹೆಸರಿನಲ್ಲಿವೆಯೋ ಅವರೇ ಮೀನುಗಾರರು ಎಂಬ ಲೆಕ್ಕಾಚಾರ ಇದರ ಬೇರು. ಬುಟ್ಟಿ ಹೊತ್ತು ಊರೂರು ಸುತ್ತಿ, ಮೀನು ಮಾರಿ ನನ್ನನ್ನು ಓದಿಸಿದವಳು ನನ್ನ ಅಮ್ಮ. ಆದರೂ ಮೀನುಗಾರರ ಸಹಕಾರಿ ಸೊಸೈಟಿಯ ಸದಸ್ಯತ್ವ ಕೊನೆಯವರೆಗೂ ಅಪ್ಪನ ಹೆಸರಿನಲ್ಲೇ ಇತ್ತು. ಮರಿ ಬಳಚು ಯಾವ ದಿಬ್ಬದಲ್ಲಿ ಕೂತಿದೆ, ಮಳೆಗಾಲದ ಸಿಹಿನೀರು ನುಗ್ಗಿದಾಗ ಎಲ್ಲಿ ಸತ್ತು ಹೋಗುತ್ತದೆ, ಸುಣ್ಣಕ್ಕಾಗಿ ಚಿಪ್ಪು ಬಗೆದ ಜಾಗದಲ್ಲಿ ಮತ್ತೆ ಹುಟ್ಟಿತೇ ಇಲ್ಲವೇ ಎಂಬುದನ್ನು ಕಾಲಿನಿಂದಲೇ ಅರಿತವರನ್ನು ಹೊರಗಿಟ್ಟು ಮಾಡುವ ನಿರ್ವಹಣೆ ಎಂಥದ್ದು?

ಇದು ನಮ್ಮ ಊರಿನ ಹೆಂಗಸರ ಸಣ್ಣ ದೂರಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮೀನುಗಾರಿಕಾ ಸಮಿತಿ 2014ರಲ್ಲಿ ಒಪ್ಪಿದ ಸಣ್ಣ ಪ್ರಮಾಣದ ಮೀನುಗಾರಿಕೆಯ ಮಾರ್ಗಸೂಚಿಗಳು, ನಿರ್ಧಾರ ಕೈಗೊಳ್ಳುವಲ್ಲಿ ಹೆಂಗಸರಿಗೆ ಸಮಾನ ಪಾಲಿರಬೇಕೆಂದು ಸ್ಪಷ್ಟವಾಗಿ ಹೇಳುತ್ತವೆ. ಹಿಡಿಯುವುದರಿಂದ ಒಣಗಿಸಿ ಮಾರುವವರೆಗೆ ಈ ಕಸುಬಿನಲ್ಲಿರುವ ಹತ್ತು ಜನರಲ್ಲಿ ನಾಲ್ವರು ಹೆಂಗಸರೆಂದು ಅದೇ ಸಂಸ್ಥೆ 2023ರ ವರದಿಯಲ್ಲಿ ಅಂದಾಜಿಸಿದೆ. ನಮ್ಮ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದೆಯೆಂದು 2024ರ ಜನವರಿಯಲ್ಲಿ ಪ್ರಕಟವಾದಾಗ ಎಲ್ಲರೂ ಹೆಮ್ಮೆಪಟ್ಟೆವು. ಆ ಹೆಮ್ಮೆಯಲ್ಲಿ ಪಾಲು ಕೊಟ್ಟವರಿಗೆ ಅಧಿಕಾರದಲ್ಲೇಕೆ ಪಾಲಿಲ್ಲ?

ಕರೆದರೂ ಹೆಂಗಸರು ಬರುವುದಿಲ್ಲ, ಬಂದರೂ ಬಾಯಿ ಬಿಡುವುದಿಲ್ಲ ಎಂದು ಹಿರಿಯರೊಬ್ಬರು ನನಗೆ ಸಮಾಧಾನ ಹೇಳಿದರು. ನಾನಿದನ್ನು ಒಪ್ಪಲಾರೆ. ಸಭೆ ಬೆಳಿಗ್ಗೆ ಹನ್ನೊಂದಕ್ಕೆ, ಮೀನು ಮಾರುಕಟ್ಟೆ ಬಿರುಸಾಗಿರುವ ಹೊತ್ತಿಗೆ ಇತ್ತು. ಅಂದಿನ ದುಡಿಮೆ ಬಿಟ್ಟು ಬಂದವರಿಗೆ ಮೈಕು ಕೊಡಲಿಲ್ಲ. ಮಾರುಕಟ್ಟೆಯಲ್ಲಿ ಗಿರಾಕಿಯೊಂದಿಗೆ ಗಟ್ಟಿಯಾಗಿ ಚೌಕಾಸಿ ಮಾಡುವ ಇವರಿಗೆ ಮಾತು ಬರುವುದಿಲ್ಲವೆಂದು ನಂಬುವುದಾದರೂ ಹೇಗೆ?

ಸಮಿತಿಯ ಪಟ್ಟಿ ಇನ್ನೂ ಅಂತಿಮವಾಗಿಲ್ಲ. ಅರ್ಧದಷ್ಟು ಸ್ಥಾನಗಳು ಬಳಚು ಆಯುವ, ಮೀನು ಮಾರುವ ಹೆಂಗಸರಿಗೆ ಸಿಗಬೇಕು. ಮುಂದಿನ ಸಭೆಯ ಸಮಯವನ್ನು ಭರತ-ಇಳಿತ ನೋಡಿ, ಅವರನ್ನು ಕೇಳಿಯೇ ನಿಗದಿ ಮಾಡಬೇಕು. ಈ ಎರಡು ಬೇಡಿಕೆಗಳ ಮನವಿಯನ್ನು ನಾಳೆ ಕೊಡುತ್ತಿದ್ದೇನೆ. ಊರಿನ ಸ್ನೇಹಿತರು, ಮುಖ್ಯವಾಗಿ ದೋಣಿ ಇರುವವರು, ಬಂದು ಸಹಿ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ.